ಸೂಜಿಕಣ್ಣು ದಾಟಿದ ದಾರ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಗಾಡಿಯ ಬಂಪರ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಎಷ್ಟೋ ಗಾಡಿಗಳಿಗೆ ಅಲ್ಲೊಂದು ಕಪ್ಪು ಹಗ್ಗ ಸುತ್ತಿರುತ್ತಾರೆ. ದೃಷ್ಟಿ ತಾಗದಿರಲಿ ಎಂದು ಕಟ್ಟುವ ಆ ಹಗ್ಗ ಮನುಷ್ಯರ ಕೂದಲಿನದು. ಹರಕೆ ಹೊತ್ತವರು ದೇವರಿಗೆ ಕೊಟ್ಟ ಮುಡಿಯಲ್ಲಿ ಉದ್ದನೆಯದು ವಿಗ್ ಮಾಡುವವರ ಪಾಲಾಗುತ್ತದೆ. ಉಳಿದ ತುಂಡುಗಳನ್ನು ಹೊಸೆದು ಹೀಗೆ ಹಗ್ಗ ಮಾಡುತ್ತಾರೆ.

ಅಂಥ ಹಗ್ಗವನ್ನು ಸುಮಾರು ನಾಲ್ಕು ಕಿಲೋಮೀಟರ್ ಉದ್ದದಷ್ಟು ತಂದು, ಅದರಿಂದ ಕಾರಿನ ಬಂಪರ್‌ಗಳನ್ನು ಗೋಡೆಗೆ ತೂಗುಹಾಕಿದವರು ನಮ್ಮೂರಿನ ಕಲಾವಿದೆ ಶೀಲಾ ಗೌಡ. ‘ಬಿಹೋಲ್ಡ್’ ಎಂಬ ಆ ಕೃತಿ 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿತ್ತು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಉಕ್ಕಿನ ಭಾರವನ್ನೆಲ್ಲ ಯಾರ‍್ಯಾರದೋ ತಲೆಗೂದಲು ಹೊತ್ತು ನಿಂತಿದೆ! ನಾವು ದಿನಾ ಹಾದುಹೋಗುವ ರಸ್ತೆಯಲ್ಲೇ ಇತ್ತು ಅದು. ನಮಗೆ ಕಂಡಿರಲಿಲ್ಲ, ಅಷ್ಟೇ.

ಶೀಲಾ ಅವರು ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಚಿತ್ರಕಲೆ ಕಲಿತದ್ದು ಶೇಷಾದ್ರಿಪುರದ ಕೆನ್ ಕಲಾಶಾಲೆಯಲ್ಲಿ. ಬಾದಾಮಿಯಿಂದ ಬಂದ ಆರ್. ಎಂ. ಹಡಪದ್ ಕಟ್ಟಿ ಬೆಳೆಸಿದ ಶಾಲೆ ಅದು. ಒಬ್ಬ ಮೇಷ್ಟ್ರ ಹಟದಿಂದ ಒಂದು ಊರಿನ ಕಲೆಯ ದಿಕ್ಕೇ ಬದಲಾಗಬಹುದು ಎನ್ನುವುದಕ್ಕೆ ನಾನು ಸದಾ ಕೊಡುವ ಉದಾಹರಣೆ ಹಡಪದ್ ಮೇಷ್ಟ್ರು. ಮುಂದೆ ಶಾಂತಿನಿಕೇತನ, ಆಮೇಲೆ 1986ರವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿಯತನಕ ಅವರು ಕುಂಚ ಹಿಡಿದ ಚಿತ್ರಕಾರ್ತಿಯೇ.

1992ರ ಕೊನೆಯಿಂದ ದೇಶದಲ್ಲಿ ನಡೆದ ಗಲಭೆಗಳ ನಂತರ ಅವರ ಕೈಗೆ ಬಂದದ್ದು ಸಗಣಿ. ಅಂಗಳ ಸಾರಿಸಲು, ಬೆರಣಿ ತಟ್ಟಲು ನಮ್ಮ ಅಜ್ಜಿಯರು ಮುಟ್ಟಿದ ಸಗಣಿ. ಬಣ್ಣದಲ್ಲಿ ಹೇಳಲಾಗದ್ದನ್ನು ಆ ವಸ್ತುವೇ ಹೇಳಲಿ ಎಂದು ಬಿಟ್ಟುಕೊಟ್ಟರಲ್ಲ, ಅವರ ಇಡೀ ವೃತ್ತಿಜೀವನದಲ್ಲಿ ಅದೇ ದೊಡ್ಡ ಧೈರ್ಯ ಎಂದು ನನಗನಿಸುತ್ತದೆ.

1998ರಲ್ಲಿ ಅವರು ಶುರುಮಾಡಿದ ಇನ್ನೊಂದು ಕೃತಿಯ ಹೆಸರನ್ನು ಕನ್ನಡದಲ್ಲಿ ‘ನನ್ನ ನೋವನ್ನೂ ಅವನಿಗೆ ಹೇಳು’ ಎನ್ನಬಹುದು. ನೂರಾರು ಅಡಿ ದಾರವನ್ನು ಸೂಜಿಕಣ್ಣಿನಲ್ಲಿ ಪೋಣಿಸಿ, ಸೂಜಿ ದಾರದ ನಟ್ಟನಡುವಿಗೆ ಬರುವವರೆಗೆ ಎಳೆಯುತ್ತಾರೆ. ಅಂಥ ಎಷ್ಟೋ ಎಳೆಗಳನ್ನು ಒಟ್ಟುಮಾಡಿ, ಕುಂಕುಮ, ಅಂಟು ಮೆತ್ತಿ ಕೆಂಪು ಹಗ್ಗ ಮಾಡುತ್ತಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಇಳಿಬಿದ್ದಿರುತ್ತವೆ.

ನಾನು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವಳು. ಈ ಕೃತಿಯನ್ನು ಮಾತಿನಲ್ಲಿ ವಿವರಿಸಿ ಸೋತು, ಒಂದು ದಿನ ಏಳನೇ ತರಗತಿಯ ಮಕ್ಕಳ ಕೈಗೆ ಸೂಜಿ, ದಾರದ ಉಂಡೆ ಕೊಟ್ಟುಬಿಟ್ಟೆ. ಮೊದಲ ಐದು ನಿಮಿಷ ಗಲಾಟೆಯೋ ಗಲಾಟೆ. ಆಮೇಲೆ ಕೋಣೆ ತಾನಾಗಿ ತಣ್ಣಗಾಯಿತು. ದಾರ ನೆಲದ ಮೇಲೆ ಹರಿದಾಡುತ್ತಿತ್ತು, ಹೆಬ್ಬೆರಳಿನ ಮೇಲೆ ಗೆರೆ ಮೂಡುತ್ತಿತ್ತು. “ಮಿಸ್, ಇದು ಮುಗಿಯೋದೇ ಇಲ್ವಾ?” ಅಂತ ಒಬ್ಬ ಹುಡುಗಿ ಕೇಳಿದಳು. ಮನೆಯ ಹೆಂಗಸರ ಕೆಲಸದ ಬಗ್ಗೆ ಆ ಕೃತಿ ಕೇಳುವುದೂ ಅದನ್ನೇ. ನಾನು ಬೇರೇನೂ ಹೇಳಲಿಲ್ಲ.

ರಸ್ತೆ ಕೆಲಸದವರ ಡಾಂಬರ್ ಡ್ರಮ್ಮುಗಳಿಂದ ಅವರು 2006ರಲ್ಲಿ ‘ಡಾರ್ಕ್‌ರೂಮ್’ ಎಂಬ ಮನೆ ಕಟ್ಟಿದರು. ಹೊರಗಿನಿಂದ ಕಂಬಗಳಿರುವ ಕೋಟೆಯ ಹಾಗೆ. ಬಗ್ಗಿ ಒಳಹೊಕ್ಕರೆ ಕತ್ತಲೆ, ಮೇಲೆ ತಗಡಿನ ಸಣ್ಣ ತೂತುಗಳಲ್ಲಿ ನಕ್ಷತ್ರಗಳಂತೆ ಬೆಳಕು. 2019ರಲ್ಲಿ ಅವರಿಗೆ ಆಸ್ಟ್ರಿಯಾದ ಚಿತ್ರಕಾರ್ತಿ ಮಾರಿಯಾ ಲಾಸ್ನಿಗ್ ಹೆಸರಿನ ಪ್ರಶಸ್ತಿ ಬಂತು. ಹೊರದೇಶದ ಮ್ಯೂಸಿಯಂಗಳು ಬಲ್ಲಷ್ಟು ಅವರನ್ನು ನಮ್ಮೂರ ಶಾಲೆಯ ಮಕ್ಕಳು ಬಲ್ಲವರಾಗಬೇಕು. ನನಗಿರುವ ಆಸೆ ಅದು.

ಮುಂದಿನ ವಾರ ಅದೇ ಹುಡುಗಿ ಒಂದು ಕವರ್ ಹಿಡಿದು ಬಂದಳು. ಒಳಗೆ ಅಗರಬತ್ತಿ ಹೊಸೆಯುವ ಕಪ್ಪು ಮಸಾಲೆ. ಅವಳ ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾರಂತೆ. “ಇದರಲ್ಲೂ ಮಾಡಬಹುದಾ ಮಿಸ್?” 2007ರ ‘ಕೊಲ್ಯಾಟರಲ್’ ಕೃತಿಯಲ್ಲಿ ಶೀಲಾ ಅವರು ಬಳಸಿದ್ದೂ ಊದುಬತ್ತಿಯ ಮಸಾಲೆಯನ್ನೇ ಎಂದು ಹೇಳಿದೆ. ಅವರು ಅದನ್ನು ಉರಿಸಿ, ಉಳಿದ ಬೂದಿಯನ್ನು ಹಾಗೇ ಪ್ರದರ್ಶಿಸಿದ್ದರು. ಅವಳ ಮುಖ ನೋಡಬೇಕಿತ್ತು!

ಸ್ಟೀಲ್ ತಟ್ಟೆಯಲ್ಲಿ ಮಸಾಲೆಯನ್ನು ಸುರುಳಿಯಾಗಿ ಇಟ್ಟು ಹಚ್ಚಿದೆವು. ಮೆಲ್ಲಗೆ ಉರಿಯಿತು. ಕೊನೆಗೆ ಬೂದಿ ಅದೇ ಸುರುಳಿಯಾಗಿ, ಆಕಾರ ಬಿಡದೆ ಕೂತಿತು. ಯಾರೋ ಸೆಕೆ ಎಂದರು. ಅವಳು ಓಡಿಹೋಗಿ ಫ್ಯಾನಿನ ಸ್ವಿಚ್ಚಿಗೆ ಅಡ್ಡ ನಿಂತಳು.