ಹುಳು ಮನೆಯಿಂದ ರ‍್ಯಾಂಪ್‌ಗೆ

ಈಗ ಕೇಳಿಸುತ್ತಿರುವುದು ಮಳೆ ಸದ್ದಲ್ಲ. ಹೆಡ್‌ಫೋನ್ ಇದ್ದರೆ ಹಾಕಿಕೊಂಡು ಕೇಳಿ. ನಮ್ಮ ಹುಳು ಮನೆಯಲ್ಲಿ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿವೆ. ಹುಳು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಯಿತು. ಈಗ ಎಷ್ಟು ಸೊಪ್ಪು ಹಾಕಿದರೂ ಸಾಲುವುದಿಲ್ಲ. ಅಪ್ಪ ರಾತ್ರಿಯೂ ಎದ್ದು ಹಾಕಿ ಬರುತ್ತಾರೆ.

ನಮಸ್ಕಾರ. ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು. ವಯಸ್ಸು 17, ಸೆಕೆಂಡ್ ಪಿಯುಸಿ. ಬರುವ ಭಾನುವಾರ ಬೆಂಗಳೂರಿನಲ್ಲಿ ಒಂದು ಟೀನ್ ಬ್ಯೂಟಿ ಪೇಜೆಂಟ್‌ನ ಫೈನಲ್ ಇದೆ. ನಾನೂ ಅದರಲ್ಲಿದ್ದೇನೆ!

ಸ್ಟೇಜ್ ಮೇಲೆ ಒಂದು ನಿಮಿಷ ಮಾತಾಡಬೇಕು. ಹವ್ಯಾಸ ಏನು, ಪರಂಪರೆ ಏನು, ಮುಂದೆ ಏನಾಗಬೇಕು. ಮೂರೇ ಪ್ರಶ್ನೆ.

ಹವ್ಯಾಸ ಅಂದರೆ ಚಿತ್ರ ಬಿಡಿಸುವುದು. ಈ ನೋಟ್‌ಬುಕ್ ನೋಡಿ, ಇದೆಲ್ಲ ಭೋಗನಂದೀಶ್ವರ ದೇವಸ್ಥಾನದಲ್ಲಿ ಬಿಡಿಸಿದ್ದು. ನಂದಿ ಬೆಟ್ಟಕ್ಕೆ ಬರುವವರು ಬೆಳಗ್ಗೆ ಮೋಡ ನೋಡಿ ಹಾಗೇ ವಾಪಸ್ ಹೋಗುತ್ತಾರೆ. ದಯವಿಟ್ಟು ಕೆಳಗೂ ಬನ್ನಿ. ಅಲ್ಲಿನ ಕಲ್ಯಾಣ ಮಂಟಪದ ಕಂಬಗಳ ಮುಂದೆ ಒಂದು ಗಂಟೆ ಸುಮ್ನೆ ಕೂತುಕೊಳ್ಳಿ. ಕಪ್ಪು ಕಲ್ಲಿನಲ್ಲಿ ಅಷ್ಟು ಸಣ್ಣ ಬಳ್ಳಿ ಹೇಗೆ ಕೆತ್ತಿದರೋ! ಅದೇ ಬಳ್ಳಿಯನ್ನು ನನ್ನ ರವಿಕೆ ತೋಳಿನ ಮೇಲೆ ನಾನೇ ಕಸೂತಿ ಹಾಕಿದ್ದೇನೆ.

ಪರಂಪರೆ ವಿಷಯಕ್ಕೆ ಬಂದಾಗ ನನಗೆ ತರಬೇತಿ ಕೊಡುವವರು ಒಂದು ಮಾತು ಹೇಳಿದರು. 'ರೇಷ್ಮೆ ಸೀರೆ ಬಗ್ಗೆ ಹೇಳು, ಚೆನ್ನಾಗಿರುತ್ತೆ. ಹುಳು, ಬಿಸಿನೀರು, ವಾಸನೆ ಎಲ್ಲ ಬೇಡ.' ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಂತ ಈ ಕೈ ನೋಡಿದರೆ ಗೊತ್ತಾಗುತ್ತದೆ. ಇದು ನನ್ನ ಅಜ್ಜಿಯ ಕೈ. ಶಿಡ್ಲಘಟ್ಟದ ಶೆಡ್‌ಗಳಲ್ಲಿ ಮೂವತ್ತು ವರ್ಷ ನೂಲು ಬಿಚ್ಚಿದ್ದಾರೆ. ಗೂಡನ್ನು ಬಿಸಿನೀರಿಗೆ ಹಾಕಿದರೆ ಅದರ ಅಂಟು ಸಡಿಲವಾಗುತ್ತದೆ. ಆಗ ಎಳೆಯ ತುದಿ ಹುಡುಕಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ, ಆದರೆ ಅದು ಕೂದಲಿಗಿಂತ ಸಣ್ಣ. ಹಾಗಾಗಿ ಹಲವು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ಎಳೆ ಕಡಿದರೆ ಮತ್ತೆ ನೀರಿಗೆ ಕೈ. ದಿನವಿಡೀ ಹೀಗೆ. ಬೆರಳ ತುದಿ ಬೆಳ್ಳಗಾಗಿ, ಚರ್ಮ ಸುಲಿದು, ರಾತ್ರಿ ಊಟಕ್ಕೆ ಕೂತರೆ ಸಾರಿನ ಖಾರ ಉರಿಯುತ್ತಿತ್ತಂತೆ.

ಟಿಪ್ಪು ಕಾಲದಲ್ಲಿ ಮೈಸೂರು ಸೀಮೆಗೆ ರೇಷ್ಮೆ ಬಂತು ಅಂತ ಪಾಠದಲ್ಲಿ ಓದಿದ್ದೇವೆ. ನಮ್ಮ ಮನೆಗೆ ಅದು ಬಂದಿದ್ದು ಅಜ್ಜಿಯ ಕೈಯಿಂದ. ಅದನ್ನು ಬಿಟ್ಟು ಬರೀ ಸೀರೆ ಬಗ್ಗೆ ನಾನು ಹೇಗೆ ಮಾತಾಡಲಿ?

ಭಾನುವಾರ ಉಡುವ ಸೀರೆಯನ್ನು ಮೊನ್ನೆ ಅಜ್ಜಿಗೆ ತೋರಿಸಿದೆ. ಅಜ್ಜಿ ಬೆರಳಲ್ಲಿ ಮುಟ್ಟಿ ನೋಡಲಿಲ್ಲ, ಸೆರಗನ್ನು ಕೆನ್ನೆಗೆ ಒತ್ತಿಕೊಂಡರು. ಯಾಕಜ್ಜಿ ಅಂದೆ. 'ಬೆರಳಿಗೆ ಏನೂ ಗೊತ್ತಾಗಲ್ಲ ಕಣಮ್ಮ. ಕೆನ್ನೆಗೆ ಗೊತ್ತಾಗುತ್ತೆ.' ಕ್ಯಾಮೆರಾ ಆಫ್ ಆಗಿತ್ತು. ಆಫ್ ಆಗಿದ್ದೇ ಒಳ್ಳೆಯದಾಯಿತು.

ಹಾಗಾಗಿ ಮೂರನೇ ಪ್ರಶ್ನೆಗೆ ನನ್ನ ಉತ್ತರ ತಯಾರಿದೆ. ನಮ್ಮ ಜಿಲ್ಲೆಯ ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜು ಇದೆ. ಅಲ್ಲಿ ಬಿಎಸ್‌ಸಿ ಓದಬೇಕು. ಆಮೇಲೆ ನೂಲು ಬಿಚ್ಚುವ ಯಂತ್ರಗಳ ಮೇಲೆ ಕೆಲಸ ಮಾಡಬೇಕು. ಆಟೋಮ್ಯಾಟಿಕ್ ಯಂತ್ರಗಳು ಈಗಾಗಲೇ ಇವೆ, ಆದರೆ ಬೆಲೆ ತುಂಬಾ ಜಾಸ್ತಿ. ಸಣ್ಣ ಶೆಡ್‌ನವರಿಗೆ ಕೈಗೆಟುಕುವಂಥದ್ದು ಬೇಕು.

ಕಿರೀಟಕ್ಕೂ ಹುಳುವಿಗೂ ಏನು ಸಂಬಂಧ ಅಂತ ಕೆಲವರು ಕೇಳಿದರು. ರೀಟಾ ಫಾರಿಯಾ 1966ರಲ್ಲಿ ಮಿಸ್ ವರ್ಲ್ಡ್ ಆದಾಗ ಮುಂಬೈಯಲ್ಲಿ ಮೆಡಿಕಲ್ ಓದುತ್ತಿದ್ದರು. ಭಾರತಕ್ಕೆ ಆ ಕಿರೀಟ ಬಂದಿದ್ದು ಅದೇ ಮೊದಲು. ಆಮೇಲೆ ಅವರು ಓದು ಮುಗಿಸಿ ಡಾಕ್ಟರೇ ಆದರು. ನನಗೆ ಅವರೆಂದರೆ ತುಂಬಾ ಇಷ್ಟ.

ಇದು ನಮ್ಮ ಮನೆ ತಾರಸಿ. ಹುಳು ಗೂಡು ಕಟ್ಟುವ ತಟ್ಟೆಗೆ ಚಂದ್ರಿಕೆ ಅನ್ನುತ್ತೇವೆ. ಒಣಗಲು ಇಟ್ಟಿರುವ ಚಂದ್ರಿಕೆಗಳ ನಡುವೆ ಹೀಲ್ಸ್ ಹಾಕಿಕೊಂಡು ನಡೆಯುವ ಅಭ್ಯಾಸ ಮಾಡುತ್ತಿದ್ದೇನೆ.

ಭಾನುವಾರದ ಹೊತ್ತಿಗೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ, ಅಲ್ವಾ? ಅದಕ್ಕೆ ಅಮ್ಮ, ಅಜ್ಜಿ ಮಾತ್ರ ನನ್ನ ಜೊತೆ ಬರುತ್ತಾರೆ. ನಾನು ಮೈಕ್ ಹಿಡಿದು ನಿಂತಿರುವಾಗ ಅಪ್ಪ ಇಲ್ಲಿ ಒಂದೊಂದೇ ಹುಳು ಆರಿಸಿ ಚಂದ್ರಿಕೆಗೆ ಬಿಡುತ್ತಿರುತ್ತಾರೆ.