ಎರಡನೇ ಕಿಟ್

ಎಲ್ಲರಿಗೂ ನಮಸ್ಕಾರ. ಡಿಎನ್‌ಎಯಿಂದ ಹಳೇ ಕೇಸು ಬಗೆಹರಿಯಿತು ಅಂದರೆ ನಮ್ಮ ಕಣ್ಮುಂದೆ ಬರುವುದು ಲ್ಯಾಬು, ಬಿಳಿ ಕೋಟು. ನಾನು ಇವತ್ತು ಒಂದು ಫ್ರೀಜರ್‌ನಿಂದ ಶುರು ಮಾಡುತ್ತೇನೆ.

1980ರ ಮಾರ್ಚ್. ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಗಂಡ ಹೆಂಡತಿಯನ್ನು ಮನೆಯಲ್ಲೇ ಯಾರೋ ಹೊಡೆದು ಕೊಂದಿದ್ದರು. ಹೆಂಡತಿಯ ಮೇಲೆ ಅತ್ಯಾಚಾರವೂ ಆಗಿತ್ತು. ಪೋಸ್ಟ್‌ಮಾರ್ಟಂ ಮಾಡಿದ ಡಾ. ಪೀಟರ್ ಸ್ಪೆತ್ ಅವರಿಗೆ ಒಂದು ಅಭ್ಯಾಸವಿತ್ತು. ಸ್ಯಾಂಪಲ್ ತೆಗೆಯುವಾಗ ಒಂದರ ಜಾಗದಲ್ಲಿ ಎರಡು ಕಿಟ್ ಮಾಡುವುದು. ಒಂದು ತನಿಖೆಗೆ ಹೋಯಿತು, ಇನ್ನೊಂದು ಫ್ರೀಜರ್ ಸೇರಿತು. ಡಿಎನ್‌ಎ ನೋಡಿ ಆಳು ಗುರುತಿಸುವ ವಿದ್ಯೆ ಆಗ ಹುಟ್ಟಿರಲೇ ಇಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಲೆಕ್ ಜೆಫ್ರೀಸ್ ಅದನ್ನು ಕಂಡುಕೊಂಡದ್ದು 1984ರಲ್ಲಿ. ಸ್ಪೆತ್ ಏನನ್ನೂ ಊಹಿಸಿರಲಿಲ್ಲ, ಸುಮ್ನೆ ಅಚ್ಚುಕಟ್ಟಿನ ಮನುಷ್ಯ.

ಈ ಕೊಲೆಗಾರ 13 ಜನರನ್ನು ಕೊಂದಿದ್ದ. ಸುಮಾರು 50 ಅತ್ಯಾಚಾರ. ಕ್ಯಾಲಿಫೋರ್ನಿಯಾದ ಉತ್ತರದ ಅತ್ಯಾಚಾರಗಳೂ ದಕ್ಷಿಣದ ಕೊಲೆಗಳೂ ಒಬ್ಬನದೇ ಕೆಲಸ ಅಂತ 2001ರಲ್ಲಿ ಡಿಎನ್‌ಎ ಹೇಳಿತು. ಆದರೆ ಹೆಸರು ಹೇಳಲಿಲ್ಲ. ಪೊಲೀಸರ ಡೇಟಾಬೇಸ್‌ನಲ್ಲಿ ಅವನೇ ಇಲ್ಲದಿದ್ದರೆ ಯಾರ ಜೊತೆ ಹೋಲಿಸುವುದು?

ಪೊಲೀಸರು ನೋಡುವುದು ಡಿಎನ್‌ಎಯ ಇಪ್ಪತ್ತರಷ್ಟು ಜಾಗಗಳನ್ನು. ಆಳು ಸಿಕ್ಕಿದ ಮೇಲೆ ಹೌದೋ ಅಲ್ಲವೋ ಅನ್ನಲು ಅಷ್ಟು ಸಾಕು. ವಂಶ ಹುಡುಕುವ ವೆಬ್‌ಸೈಟುಗಳು ನೋಡುವುದು ಲಕ್ಷಗಟ್ಟಲೆ ಜಾಗಗಳನ್ನು. ಹಾಗಾಗಿ ದೂರದ ನೆಂಟರೂ ಸಿಗುತ್ತಾರೆ. ಮದುವೆ ಮನೆಯಲ್ಲಿ ಅಜ್ಜಿಯೊಬ್ಬರು ನಿಮ್ಮನ್ನು ಹಿಡಿದು ನಿಲ್ಲಿಸಿ, 'ನೀನು ನಮ್ಮ ಮುತ್ತಜ್ಜನ ತಮ್ಮನ ಕಡೆಯವನು ಅಲ್ವಾ?' ಅನ್ನುವುದಿಲ್ಲವೇ, ಅದೇ ಲೆಕ್ಕ.

ಇದಕ್ಕೆ ಒಳ್ಳೆಯ ಸ್ಯಾಂಪಲ್ ಬೇಕು. ಹಲವು ಕಡೆ ಅದು ಖರ್ಚಾಗಿತ್ತು, ಕೆಲವು ಕಡೆ ಬಿಸಾಡಿಯೇ ಬಿಟ್ಟಿದ್ದರು. ವೆಂಚುರಾದ ಎರಡನೇ ಕಿಟ್ ಹಾಗೇ ಇತ್ತು! ತನಿಖಾಧಿಕಾರಿ ಪಾಲ್ ಹೋಲ್ಸ್, ವಂಶಾವಳಿ ಬಲ್ಲ ಬಾರ್ಬರಾ ರೇ-ವೆಂಟರ್ ಮತ್ತು ತಂಡದವರು ದೂರದ ನೆಂಟರನ್ನು ಹಿಡಿದು, ಅವರ ಹಿರಿಯರವರೆಗೆ ಮೇಲೆ ಹತ್ತಿ, ಅಲ್ಲಿಂದ ಒಂದೊಂದೇ ಕೊಂಬೆ ಇಳಿದರು. ಗಂಡಸೇ? ವಯಸ್ಸು ಸರಿಹೊಂದುತ್ತದೆಯೇ? ಆಗ ಕ್ಯಾಲಿಫೋರ್ನಿಯಾದಲ್ಲಿದ್ದನೇ? ನಿಜ ಹೇಳಬೇಕೆಂದರೆ ಇದು ಶಾನುಭೋಗರ ಕೆಲಸ. ತಪ್ಪೂ ಆಗುತ್ತದೆ. 2017ರಲ್ಲಿ ಬೇರೊಂದು ಹೋಲಿಕೆ ನಂಬಿ ಆರೆಗಾನ್‌ನ ಆರೈಕೆ ಕೇಂದ್ರದಲ್ಲಿದ್ದ ಮುದುಕರೊಬ್ಬರ ಬಾಯಿಂದ ಸ್ಯಾಂಪಲ್ ತೆಗೆದಿದ್ದರು. ಅವರು ಏನೂ ಅರಿಯದವರು.

ಈ ಸಲ ಸಿಕ್ಕಿದ್ದು ಜೋಸೆಫ್ ಡಿಏಂಜೆಲೊ. ವಯಸ್ಸು 72, ಒಂದು ಕಾಲದಲ್ಲಿ ಪೊಲೀಸ್. 1979ರಲ್ಲಿ ಅಂಗಡಿಯಿಂದ ಸುತ್ತಿಗೆ ಮತ್ತು ನಾಯಿ ಓಡಿಸುವ ಸ್ಪ್ರೇ ಕದ್ದು ಕೆಲಸ ಕಳೆದುಕೊಂಡಿದ್ದವನು. ಆ ಎರಡು ಸಾಮಾನು ಅವನಿಗೆ ಯಾಕೆ ಬೇಕಿತ್ತು ಅಂತ ಆಗ ಯಾರೂ ಕೆದಕಲಿಲ್ಲ.

2018ರ ಏಪ್ರಿಲ್. ಅವನು ಅಂಗಡಿಗೆ ಹೋದಾಗ ಪೊಲೀಸರು ಅವನ ಡಿಎನ್‌ಎಗಾಗಿ ಕಾರಿನ ಬಾಗಿಲ ಹಿಡಿ ಒರೆಸಿಕೊಂಡರು. ಆಮೇಲೆ ಮನೆ ಮುಂದಿನ ಕಸದ ಡಬ್ಬಿ ತಡಕಿದರು. ಅಷ್ಟೊಂದು ಕಸದಲ್ಲಿ ಉಪಯೋಗಕ್ಕೆ ಬಂದದ್ದು ಒಂದು ಟಿಶ್ಯೂ ಪೇಪರ್ ಚೂರು. ಅದರ ಡಿಎನ್‌ಎ ಕೊಲೆಗಾರನದಕ್ಕೆ ಹೊಂದಿತು. ಏಪ್ರಿಲ್ 24ಕ್ಕೆ ಬಂಧನ. 2020ರಲ್ಲಿ ತಪ್ಪೊಪ್ಪಿಕೊಂಡ, ಸಾಯುವವರೆಗೆ ಜೈಲು.

ಈ ಹುಡುಕಾಟಕ್ಕೆ ಬಳಸಿದ ವಂಶದ ವೆಬ್‌ಸೈಟುಗಳಲ್ಲಿ ಒಂದಾದ ಜಿಇಡಿಮ್ಯಾಚ್ 2019ರಲ್ಲಿ ನಿಯಮ ಬದಲಿಸಿತು. ನೀವು ಒಪ್ಪಿದರೆ ಮಾತ್ರ ನಿಮ್ಮ ಮಾಹಿತಿ ಪೊಲೀಸರಿಗೆ ಅಂತ ಆಗ ಹೇಳಿತು. ಸರಿಯಾಗಿಯೇ ಇತ್ತು ಅನ್ನಿಸುತ್ತದೆ. ಆದರೂ ಒಂದು ಗಂಟು ಉಳಿಯುತ್ತದೆ. ನನ್ನ ಚಿಕ್ಕಪ್ಪನ ಮಗಳು ಹವ್ಯಾಸಕ್ಕೆ ಎಂಜಲು ಕಳಿಸಿ 'ಒಪ್ಪಿದೆ' ಅಂತ ಒತ್ತಿದರೆ, ಅರ್ಧಂಬರ್ಧ ನಾನೂ ಅಲ್ಲಿಗೆ ಹೋದ ಹಾಗೆ. ನನ್ನನ್ನು ಯಾರೂ ಕೇಳಿರುವುದಿಲ್ಲ.