ಹಾಡು ಬಂದಾಗ ಆರಿಸಬೇಡಿ

ಕೇಳುಗರಿಗೆ ನಮಸ್ಕಾರ.

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳುವಿಕೆಯ ತಜ್ಞೆ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಕಿವಿಯೊಳಗೆ ಇಡುವ ಸಾಧನ, ಹಾಕಿಸಿಕೊಂಡವರ ಜೊತೆ ಕೆಲಸ ಮಾಡುವವಳು. ಈ ಮಾತನ್ನು ಅದೇ ಇಂಪ್ಲಾಂಟ್ ಮೂಲಕ ಕೇಳುತ್ತಿರುವವರೂ ಇದ್ದೀರಿ. ನಿಮಗೋಸ್ಕರ ಸ್ವಲ್ಪ ನಿಧಾನವಾಗಿಯೇ ಮಾತಾಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ವಾರ್ತೆ ಕೇಳುತ್ತೀರಿ, ಇಂಥ ಭಾಷಣ ಕೇಳುತ್ತೀರಿ, ಹಾಡು ಶುರುವಾದ ತಕ್ಷಣ ರೇಡಿಯೋ ಆರಿಸಿಬಿಡುತ್ತೀರಿ. ನನಗೆ ಗೊತ್ತು. ಇವತ್ತು ಅದರ ಬಗ್ಗೆಯೇ ಮಾತು.

ನಾನು ಹೇಳಲು ಬಂದಿರುವುದು ಒಂದೇ. ದಿನಾ 15 ನಿಮಿಷ, ಒಂದೇ ಹಾಡು. ಅಷ್ಟೇ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಾತು ಸರಿಯಾಗಿ ಕೇಳುವಾಗ ಹಾಡು ಮಾತ್ರ ಯಾಕೆ ಕೆಡುತ್ತದೆ? ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡ ಪುಟ್ಟ ಭಾಗವಿದೆ. ಅದೇ ಕಾಕ್ಲಿಯಾ. ಅದರಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳು. ಕೀರಲು ದನಿಗೆ ಸುರುಳಿಯ ಬುಡ, ದಪ್ಪ ದನಿಗೆ ಅದರ ತುದಿ. ಹೀಗೆ ಒಂದೊಂದು ಸ್ವರಕ್ಕೆ ಒಂದೊಂದು ಜಾಗ. ಆ ಕೋಶಗಳು ತೀರಾ ಹಾಳಾದಾಗ ಇಂಪ್ಲಾಂಟ್ ಬೇಕಾಗಬಹುದು. ಅದರಲ್ಲಿ ನರಕ್ಕೆ ಕರೆಂಟು ಮುಟ್ಟಿಸುವ ಎಲೆಕ್ಟ್ರೋಡುಗಳು ಎಷ್ಟಿರುತ್ತವೆ ಗೊತ್ತಾ? 12ರಿಂದ 22. ಸಾವಿರಾರು ಕೋಶಗಳ ಕೆಲಸವನ್ನು ಇಷ್ಟೇ ಇಷ್ಟು ಎಲೆಕ್ಟ್ರೋಡುಗಳು ಹೊರಬೇಕು. ಸಾಲದ್ದಕ್ಕೆ ಒಳಗೆಲ್ಲ ನೀರಿನಂಥ ದ್ರವ, ಒಂದರ ಕರೆಂಟು ಪಕ್ಕದ ಜಾಗಕ್ಕೂ ಹರಡುತ್ತದೆ. ಕೀಬೋರ್ಡನ್ನು ಬೆರಳಿನಿಂದ ನುಡಿಸುವ ಬದಲು ಅಂಗೈ ಊರಿ ನುಡಿಸಿದರೆ ಹೇಗೆ ಕೇಳುತ್ತದೆ? ಹಾಗೆ.

ಮಾತಿಗೆ ಅಷ್ಟು ಸಾಕು. ಈ ಸಾಧನ ಹುಟ್ಟಿದ್ದೇ ಮಾತಿಗಾಗಿ. 1978ರಲ್ಲಿ ಮೆಲ್ಬರ್ನ್‌ನಲ್ಲಿ ಹಲವು ಎಲೆಕ್ಟ್ರೋಡುಗಳ ಇಂಪ್ಲಾಂಟನ್ನು ಹಾಕಿದ ವೈದ್ಯ ಗ್ರೇಮ್ ಕ್ಲಾರ್ಕ್ ಅವರ ತಂದೆಗೇ ಕಿವಿ ಮಂದವಾಗಿತ್ತು. ತಂದೆಯ ಔಷಧಿ ಅಂಗಡಿಗೆ ಬಂದವರು ಹೇಳಿದ್ದು ಅವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅದನ್ನು ನೋಡುತ್ತಾ ಬೆಳೆದವರು ಕ್ಲಾರ್ಕ್. ಅವರಿಗೆ ಬೇಕಾಗಿದ್ದು ಮಾತು. ಹಾಡಿನ ಕೆಲಸ ನಮ್ಮ ನಿಮ್ಮ ಪಾಲಿಗೆ ಉಳಿದಿದೆ.

ಆದರೆ ಒಂದು ಒಳ್ಳೆಯ ಸುದ್ದಿ ಇದೆ. ತಾಳ ಎಲ್ಲೂ ಹೋಗಿರುವುದಿಲ್ಲ. ಲಯ ಹಿಡಿಯುವುದರಲ್ಲಿ ಇಂಪ್ಲಾಂಟ್ ಇರುವವರು ಉಳಿದವರಿಗೆ ಹೆಚ್ಚುಕಡಿಮೆ ಸಮ.

ಇದಕ್ಕೆ ಒಬ್ಬರ ಕಥೆ ಹೇಳಲೇಬೇಕು. ಅರವತ್ತು ದಾಟಿದವರು. ಕಿವಿ ಹೋಗುವ ಮುಂಚೆ ಹಾಡಿನ ಹುಚ್ಚು ಹಿಡಿಸಿಕೊಂಡಿದ್ದವರು. ಇಂಪ್ಲಾಂಟ್ ಸ್ವಿಚ್ ಆನ್ ಆಗಿ ಆರು ತಿಂಗಳಾಗಿತ್ತು. ಫೋನಿನಲ್ಲಿ ಆರಾಮಾಗಿ ಮಾತಾಡುತ್ತಿದ್ದರು. ಒಂದು ದಿನ ಬಂದವರೇ ಪ್ರೊಸೆಸರನ್ನು, ಅಂದರೆ ಸದ್ದು ಹಿಡಿದು ಒಳಗೆ ಕಳಿಸುವ ಹೊರಗಿನ ಭಾಗವನ್ನು, ಕಿವಿಯಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಮೇಡಂ, ಮಾತಿಗೆ ಇದು ಇರಲಿ. ಮನೇಲಿ ಹಾಡು ಹಾಕಿದರೆ ನಾನು ಇದನ್ನ ತೆಗೆದು ಜೇಬಿಗೆ ಹಾಕ್ಕೋತೀನಿ. ತಗಡಿನ ಡಬ್ಬಿಗೆ ಕಲ್ಲು ತುಂಬಿ ಅಲ್ಲಾಡಿಸಿದ ಹಾಗಿರುತ್ತೆ" ಅಂದರು. ಅವರಿಗೆ ಮೊದಲು ಯಾರೋ "ಇನ್ನು ಸಂಗೀತದ ಆಸೆ ಬಿಡಿ" ಅಂದಿದ್ದರಂತೆ. ಹಾಗೆ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರೊಸೆಸರ್ ಹಾಕಿಕೊಳ್ಳಿ ಸರ್ ಅಂದೆ. ಅವರ ಮೆಚ್ಚಿನ ಹಾಡುಗಳು ಯಾವುವು ಅಂತ ಕೇಳಿ ಐದು ಹೆಸರು ಬರೆದುಕೊಂಡೆ. ಆಮೇಲೆ ಅದರಲ್ಲೊಂದರ ಲಯವನ್ನು ಪೆನ್ಸಿಲ್ಲಿನಿಂದ ಮೇಜಿನ ಮೇಲೆ ತಟ್ಟಿದೆ. ಬರೀ ಟಕ್ ಟಕ್. ಎರಡನೇ ಸಾಲು ತಟ್ಟುವಷ್ಟರಲ್ಲಿ ಅವರ ಬಲಗಾಲು ಕುಣಿಯತೊಡಗಿತ್ತು. "ಮೂರನೇದು!" ಅಂದರು. ಸರಿಯಾಗಿತ್ತು. ಹಾಗಾದರೆ ಈ ಮೂರನೇದೇ ನಿಮ್ಮ ಹಾಡು ಅಂದೆ. ದಿನಾ 15 ನಿಮಿಷ, ಇದೊಂದೇ ಹಾಡು.

ಮೊದಲ ವಾರ ಕೈಯಲ್ಲಿ ತಾಳ ಹಾಕುವುದು ಮಾತ್ರ. ಎರಡನೇ ವಾರದಿಂದ ಸಾಹಿತ್ಯ ಬರೆದ ಹಾಳೆ ಮುಂದಿಟ್ಟುಕೊಂಡು, ಪದದ ಮೇಲೆ ಬೆರಳಾಡಿಸುತ್ತಾ ಕೇಳುವುದು. ಕೋಣೆಯಲ್ಲಿ ಬೇರೆ ಸದ್ದಿಲ್ಲ, ಫ್ಯಾನೂ ಇಲ್ಲ. ಹತ್ತಾರು ವಾದ್ಯಗಳ ಹಾಡಲ್ಲ, ಒಂದು ದನಿ, ಜೊತೆಗೆ ಒಂದೇ ವಾದ್ಯ. ಮೊಮ್ಮಗಳ ಹತ್ತಿರ ಒಂದು ಸಣ್ಣ ಕೀಬೋರ್ಡ್ ಇತ್ತು. ಅವಳು ಎರಡು ಕೀ ಒತ್ತುವುದು, ತಾತ ಯಾವುದು ಮೇಲಿನದು ಅಂತ ಹೇಳುವುದು. ದೂರದೂರದ ಕೀ ಒತ್ತಿದರೆ ಸರಿಯಾಗಿ ಹೇಳುತ್ತಿದ್ದರು. ಪಕ್ಕಪಕ್ಕದವು ಒಂದೇ ಥರ ಕೇಳುತ್ತಿದ್ದವು. ಹುಡುಗಿ ಬಿಡಲಿಲ್ಲ. ಒಂದೊಂದೇ ಕೀ ಹತ್ತಿರ ತರುತ್ತಾ ಹೋದಳು, ತಪ್ಪು ಹೇಳಿದಾಗೆಲ್ಲ ಪುಸ್ತಕದಲ್ಲಿ ಗೆರೆ ಹಾಕಿದಳು. ಆ ಪುಸ್ತಕ ನಾನು ನೋಡಿದ್ದೇನೆ. ಮೊದಲ ಪುಟಗಳ ತುಂಬ ಗೆರೆ, ಹೋಗ್ತಾ ಹೋಗ್ತಾ ಬಿಳಿ ಜಾಗ ಜಾಸ್ತಿ.

ಮೂರನೇ ತಿಂಗಳು ಮತ್ತೆ ಬಂದರು. ಈ ಸಲ ಪ್ರೊಸೆಸರ್ ಕಿವಿಯ ಮೇಲೇ ಇತ್ತು. ಕೂರುವ ಮುಂಚೆಯೇ ಹೇಳಿದರು: "ಮೇಡಂ, ಎರಡನೇ ಚರಣ ಎತ್ತಿಕೊಳ್ಳೋ ಮುಂಚೆ ಆಕೆ ಉಸಿರು ಎಳ್ಕೋತಾಳೆ. ನಲವತ್ತು ವರ್ಷ ಈ ಹಾಡು ಕೇಳಿದೀನಿ, ಒಂದು ದಿನವೂ ಅದನ್ನ ಗಮನಿಸಿರಲಿಲ್ಲ." ಹಾಡು ಮೊದಲಿನ ಹಾಗೆ ಕೇಳುತ್ತಾ ಅಂತ ಕೇಳಿದೆ. ಇಲ್ಲ ಅಂದರು. "ಅದು ಬೇರೆ, ಇದು ಬೇರೆ. ಆದರೆ ಈಗ ಇದು ಹಾಡು."

ಗಡಿಯಾರ ನೋಡಿದರೆ ಸಮಯ ಓಡಿಬಿಟ್ಟಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಇನ್ನೊಂದು ಕಿವಿಯಲ್ಲಿ ಸ್ವಲ್ಪವಾದರೂ ಕೇಳುವ ಶಕ್ತಿ ಉಳಿದಿದ್ದರೆ ಅದಕ್ಕೆ ಹಿಯರಿಂಗ್ ಏಡ್ ಹಾಕಿಕೊಳ್ಳಿ. ಇಂಪ್ಲಾಂಟ್ ಹಿಡಿಯದ ದಪ್ಪ ದನಿಗಳನ್ನು ಅದು ತಂದುಕೊಡುತ್ತದೆ. ಹಾಡಿಗೆ ಅದು ದೊಡ್ಡ ಆಸರೆ. ಮ್ಯಾಪಿಂಗಿಗೆ, ಅಂದರೆ ಪ್ರೊಸೆಸರನ್ನು ನಿಮ್ಮ ಕಿವಿಗೆ ಹೊಂದಿಸಲು, ಹೋದಾಗ ಸಂಗೀತಕ್ಕೇ ಒಂದು ಪ್ರೋಗ್ರಾಮ್ ಹಾಕಿಕೊಡಿ ಅಂತ ಬಾಯಿಬಿಟ್ಟು ಕೇಳಿ. ಗದ್ದಲ ಕಡಿಮೆ ಮಾಡುವ ಸೆಟ್ಟಿಂಗು ಮಾತಿಗೆ ಒಳ್ಳೆಯದು, ಆದರೆ ಅದು ವಾದ್ಯವನ್ನೂ ಗದ್ದಲ ಅಂದುಕೊಂಡು ಅಮುಕಿಬಿಡುತ್ತದೆ. ಫೋನಿನಿಂದ ಬ್ಲೂಟೂತ್ ಮೂಲಕ ನೇರವಾಗಿ ಪ್ರೊಸೆಸರಿಗೆ ಹಾಡು ಬರುವಂತಿದ್ದರೆ ಹಾಗೇ ಕೇಳಿ.

ಅಪ್ಪ ಅಮ್ಮಂದಿರೇ, ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಇಂಪ್ಲಾಂಟ್ ಹಾಕಿಸಿದ್ದೀರಾ? ಹಾಗಾದರೆ ಹಾಡಿ, ಕುಣಿಸಿ, ಡೋಲು ಬಾರಿಸಲು ಕೊಡಿ. ಹೋಲಿಸಿ ನೋಡಲು ಆ ಮಗುವಿಗೆ ಹಳೆಯ ಹಾಡಿನ ನೆನಪಿಲ್ಲ. ಕೇಳಿದ್ದೇ ಅದಕ್ಕೆ ಸಂಗೀತ. ದೊಡ್ಡವರಷ್ಟು ಕಷ್ಟ ಅದಕ್ಕಿಲ್ಲ.

ಮನೆಯವರಿಗೂ ಒಂದು ಮಾತು. ಅಭ್ಯಾಸ ಮಾಡುವವರ ಪಕ್ಕ ನಿಂತು "ಈಗ ಕೇಳ್ತಾ? ಈಗ ಚೆನ್ನಾಗಿದೆಯಾ?" ಅಂತ ಪೀಡಿಸಬೇಡಿ. ಸುಮ್ನೆ ಜೊತೆಗೆ ಕೂತು ತಾಳ ಹಾಕಿ. ಒಂದೇ ಹಾಡು ಕೇಳಿ ಕೇಳಿ ನಿಮಗೆ ಸಾಕಾಗಬಹುದು. ಸಾಕಾಗಲಿ. ದಿನಾ 15 ನಿಮಿಷ, ಒಂದೇ ಹಾಡು.

ನನ್ನ ಮಾತು ಮುಗಿದ ಮೇಲೆ ಒಂದು ಕೊಳಲು ಬರುತ್ತದೆ ಅಂತ ನಿಲಯದವರು ಹೇಳಿದ್ದಾರೆ. ಕೊಳಲು, ಜೊತೆಗೆ ತಾಳ, ಅಷ್ಟೇ. ಇಂಪ್ಲಾಂಟ್ ಇರುವ ನನ್ನ ಕೇಳುಗರೇ, ಗುಂಡಿಯ ಮೇಲಿಂದ ಕೈ ತೆಗೆಯಿರಿ. ಕೊಳಲನ್ನು ಸದ್ಯಕ್ಕೆ ಬಿಟ್ಟುಬಿಡಿ. ಮೊದಲು ತಾಳ ಎಲ್ಲಿದೆ ನೋಡಿ, ಅದರ ಜೊತೆ ಕಾಲು ತಟ್ಟಿ.

ನಮಸ್ಕಾರ.